ನೌಕಾಪಡೆಗೆ ಹೊಸ ಉಪಗ್ರಹ ಬಂತು, ಮೀನುಗಾರರ ಬೋಟಿಗೆ?

2025ರ ನವೆಂಬರ್ 2ರ ಸಂಜೆ ಶ್ರೀಹರಿಕೋಟಾದಿಂದ ಎಲ್‌ವಿಎಂ3 ರಾಕೆಟ್ ಸಿಎಂಎಸ್-03 ಉಪಗ್ರಹವನ್ನು ಹೊತ್ತು ಮೇಲೇರಿತು. ತೂಕ ಸುಮಾರು 4,410 ಕಿಲೋ. ಭಾರತದ ನೆಲದಿಂದ ಭೂಸ್ಥಿರ ಕಕ್ಷೆಯ ದಾರಿಗೆ ಇಷ್ಟು ಭಾರದ ಸಂವಹನ ಉಪಗ್ರಹವನ್ನು ಅಲ್ಲಿಯವರೆಗೆ ಕಳಿಸಿರಲಿಲ್ಲ. ಜಿಸ್ಯಾಟ್-7ಆರ್ ಅಂತಲೂ ಇದಕ್ಕೆ ಹೆಸರಿದೆ. ಇದು ನೌಕಾಪಡೆಯ ಉಪಗ್ರಹ. 2013ರಲ್ಲಿ ಹೋದ ಜಿಸ್ಯಾಟ್-7, ಅಂದರೆ ನೌಕಾಪಡೆಯವರು 'ರುಕ್ಮಿಣಿ' ಎಂದು ಕರೆಯುವ ಉಪಗ್ರಹದ ಜಾಗ ತುಂಬಲು ಬಂದದ್ದು.

ಗೋವಾದ ವಾಸ್ಕೋದಲ್ಲಿ ಇರುವವರಿಗೆ ಈ ಸುದ್ದಿ ಹತ್ತಿರದ್ದು. ಪಕ್ಕದ ದಾಬೋಲಿಮ್‌ನಲ್ಲಿ ನೌಕಾಪಡೆಯ ಐಎನ್‌ಎಸ್ ಹಂಸ ನೆಲೆ ಇದೆ. ಸಮುದ್ರದ ಮೇಲೆ ಕಣ್ಣಿಡುವ ವಿಮಾನಗಳು ಅಲ್ಲಿಂದ ಹಾರುತ್ತವೆ. ಅದೇ ಊರಿನ ಇನ್ನೊಂದು ಬದಿಗೆ ಖಾರಿವಾಡದ ಮೀನಿನ ಜೆಟ್ಟಿ. ಅಲ್ಲಿಂದ ಹೊರಡುವ ಬೋಟುಗಳಲ್ಲಿ ಕಾರವಾರ, ಕುಮಟಾ, ಹೊನ್ನಾವರ ಕಡೆಯ ನಮ್ಮವರೂ ಇದ್ದಾರೆ. ನೌಕಾಪಡೆಗೆ ಹೊಸ ಉಪಗ್ರಹ ಬಂದದ್ದು ಸರಿಯಾಗಿಯೇ ಇದೆ. ಆದರೆ ಈ ಬೋಟಿನವರು ನೆಚ್ಚಿಕೊಳ್ಳಬೇಕಾದ ಉಪಗ್ರಹ ಜಿಸ್ಯಾಟ್-6 ಕೂಡ ಸರ್ಕಾರದ್ದೇ. ಅದಕ್ಕೆ ವಯಸ್ಸಾಗಿದೆ. ಅದರ ಜೋಡಿಯಾಗಿ ಹೋದದ್ದು 2018ರಲ್ಲೇ ಕೈಕೊಟ್ಟಿದೆ. ಈ ಬಗ್ಗೆ ಮಾತು ಬಹಳ ಕಡಿಮೆ, ಅದಕ್ಕೇ ಈ ಲೇಖನ.

ಮೊದಲು ಭೂಸ್ಥಿರ ಕಕ್ಷೆಯ ಲೆಕ್ಕ ನೋಡೋಣ. ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಕ್ಕೆ ಒಂದು ಸುತ್ತಿಗೆ 23 ಗಂಟೆ 56 ನಿಮಿಷ ಬೇಕು. ಭೂಮಿ ತನ್ನ ಸುತ್ತ ತಿರುಗಲೂ ಅಷ್ಟೇ ಹೊತ್ತು. ಹಾಗಾಗಿ ನೆಲದಿಂದ ನೋಡಿದರೆ ಉಪಗ್ರಹ ಅಲುಗಾಡದೆ ನಿಂತಂತೆ. ಗೋವಾ ಇರುವುದು ಸುಮಾರು 74 ಡಿಗ್ರಿ ಪೂರ್ವ ರೇಖಾಂಶದಲ್ಲಿ. ರುಕ್ಮಿಣಿಗೆ ಕೊಟ್ಟ ಜಾಗವೂ 74 ಡಿಗ್ರಿ ಪೂರ್ವವೇ. ಅಂದರೆ ವಾಸ್ಕೋದಲ್ಲಿ ನೇರ ದಕ್ಷಿಣಕ್ಕೆ ಮುಖ ಮಾಡಿ, ನೆತ್ತಿಗಿಂತ ಒಂದಿಷ್ಟು ಕೆಳಗೆ ನೋಡಿದರೆ ಅದು ಇರುವ ದಿಕ್ಕು ಸಿಗುತ್ತದೆ. ವಾಸ್ಕೋದ ಬೈನಾದಲ್ಲಿರುವ ಮನೆಗಳ ಮೇಲಿನ ಡಿಡಿ ಫ್ರೀ ಡಿಶ್ ತಟ್ಟೆಗಳು ಮಾತ್ರ ಆಗ್ನೇಯಕ್ಕೆ ಮುಖ ಮಾಡಿರುತ್ತವೆ. ಚಂದನ ವಾಹಿನಿಯನ್ನು ನಮ್ಮ ಮನೆಗಳಿಗೆ ತರುವ ಜಿಸ್ಯಾಟ್-15 ಇರುವುದು 93.5 ಡಿಗ್ರಿಯಲ್ಲಿ.

ನಿಂತಂತೆ ಕಾಣುವುದರಿಂದ ಎರಡು ಲಾಭ. ತಟ್ಟೆಯನ್ನು ಒಮ್ಮೆ ತಿರುಗಿಸಿ ಬಿಗಿದರೆ ಮುಗಿಯಿತು. ಇನ್ನೊಂದು, ಅಷ್ಟು ಎತ್ತರದಿಂದ ಭೂಮಿಯ ಮೂರನೇ ಒಂದು ಭಾಗ ಒಂದೇ ನೋಟಕ್ಕೆ ಸಿಗುತ್ತದೆ. ನೆಲವಾದರೇನು, ಕಡಲಾದರೇನು, ಅದಕ್ಕೆ ಎರಡೂ ಒಂದೇ. ಮೊಬೈಲ್ ಟವರ್ ನೆಡಲು ಕಂಪನಿಗೆ ಗಿರಾಕಿ ಬೇಕು, ನೆಲ ಬೇಕು, ಕರೆಂಟ್ ಬೇಕು. ದಡದಿಂದ 10-12 ಕಿಲೋಮೀಟರ್ ಆಚೆ ಹೋದರೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ಬೋಟಿನ ವೈರ್‌ಲೆಸ್ ಅದಕ್ಕಿಂತ ದೂರ ಮುಟ್ಟುತ್ತದೆ ನಿಜ, ಆದರೆ ಅದಕ್ಕೂ ದಿಗಂತದ ಮಿತಿ ಇದೆ. ಅದರಾಚೆ ಉಳಿಯುವುದು ಮೇಲಿನ ದಾರಿ ಒಂದೇ.

ಕಷ್ಟಗಳೂ ಇವೆ. ಮಾತು ಮೇಲೆ ಹೋಗಿ ಕೆಳಗೆ ಬರಲು ಹೆಚ್ಚುಕಡಿಮೆ ಕಾಲು ಸೆಕೆಂಡ್ ಹಿಡಿಯುತ್ತದೆ. ಫೋನಿನಲ್ಲಿ ಮಾತಾಡುವವರಿಗೆ ಅದು ಕಿರಿಕಿರಿ. ಧ್ರುವಗಳ ಕಡೆಗೆ ಹೋದಷ್ಟೂ ಉಪಗ್ರಹ ದಿಗಂತಕ್ಕೆ ಇಳಿಯುತ್ತದೆ. ನಮ್ಮ ವಾಸ್ಕೋದ ಹೆಡ್‌ಲ್ಯಾಂಡ್ ಸಡಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದವರಿಗೆ ಇದು ಚೆನ್ನಾಗಿ ಗೊತ್ತು. ಅಂಟಾರ್ಕ್ಟಿಕಾದ ಭಾರತಿ ಮತ್ತು ಮೈತ್ರಿ ನೆಲೆಗಳು ಸುಮಾರು 70 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿವೆ. ಅಲ್ಲಿಂದ ಭೂಸ್ಥಿರ ಉಪಗ್ರಹ ಹಿಡಿಯಬೇಕಾದರೆ ತಟ್ಟೆಯನ್ನು ದಿಗಂತದಿಂದ ಹೆಚ್ಚೆಂದರೆ 12 ಡಿಗ್ರಿ ಎತ್ತಬಹುದು. ಇನ್ನೂ ದಕ್ಷಿಣಕ್ಕೆ ಹೋದರೆ ಅದೂ ಇಲ್ಲ. ನಮ್ಮ ಅರಬ್ಬಿ ಸಮುದ್ರಕ್ಕೆ ಈ ತೊಂದರೆ ಇಲ್ಲವೇ ಇಲ್ಲ. ಇಲ್ಲಿ ಉಪಗ್ರಹ ನೆತ್ತಿಯ ಹತ್ತಿರವೇ ಇರುತ್ತದೆ.

ಇನ್ನು ಮಳೆ. ಜುಲೈನಲ್ಲಿ ಜೋರು ಮಳೆ ಹಿಡಿದಾಗ ಟಿವಿಯ ಚಿತ್ರ ಚೌಕ ಚೌಕವಾಗಿ ಒಡೆದು ಕೊನೆಗೆ ನಿಂತೇ ಹೋಗುವುದನ್ನು ಗೋವಾದಲ್ಲಿ ನೋಡದವರಿಲ್ಲ. ಡಿಟಿಎಚ್ ಬಳಸುವುದು ಕೆಯು ಬ್ಯಾಂಡ್ ಎಂಬ ರೇಡಿಯೋ ಅಲೆಗಳ ಗುಂಪನ್ನು. ಅದರ ಅಲೆಗಳು ಚಿಕ್ಕವು, ಮಳೆಹನಿ ಅವನ್ನು ಹೀರಿಕೊಳ್ಳುತ್ತದೆ. ಎಸ್ ಬ್ಯಾಂಡ್ ಎಂಬ ಇನ್ನೊಂದು ಗುಂಪಿನ ಅಲೆಗಳು ಉದ್ದ, ಮಳೆಯಲ್ಲೂ ದಾಟುತ್ತವೆ. ಆದರೆ ಅದರಲ್ಲಿ ಸಿನಿಮಾ ಕಳಿಸುವಷ್ಟು ಜಾಗ ಸಿಗುವುದಿಲ್ಲ. ಚಿಕ್ಕ ಸಂದೇಶಕ್ಕೆ, ಬೋಟು ಎಲ್ಲಿದೆ ಎಂದು ಹೇಳುವುದಕ್ಕೆ, ಸಹಾಯ ಬೇಕು ಎನ್ನುವುದಕ್ಕೆ ಧಾರಾಳವಾಗಿ ಸಾಕು. ಬಿರುಗಾಳಿಯ ನಡುವೆ ಇರುವವನಿಗೆ ಬೇಕಾದದ್ದು ಅಷ್ಟೇ ಅಲ್ವಾ? ಕಾಲು ಸೆಕೆಂಡ್ ತಡ ಅವನಿಗೆ ಲೆಕ್ಕಕ್ಕೇ ಬರುವುದಿಲ್ಲ.

ಈ ಎಸ್ ಬ್ಯಾಂಡ್ ಸೇವೆ ಕೊಡುವುದು ಜಿಸ್ಯಾಟ್-6. 2015ರ ಆಗಸ್ಟ್ 27ರಂದು ಹೋಯಿತು. ಅದರಲ್ಲಿ 6 ಮೀಟರ್ ಅಗಲದ ಆಂಟೆನಾ ಇದೆ. ಕೊಡೆಯಂತೆ ಮಡಚಿಕೊಂಡು ಹೋಗಿ ಮೇಲೆ ಬಿಚ್ಚಿಕೊಂಡದ್ದು. ಮೇಲಿನ ಆಂಟೆನಾ ಅಷ್ಟು ದೊಡ್ಡದಾದ್ದರಿಂದ ಕೆಳಗೆ ಬೋಟಿನ ಮೇಲೆ ಸಣ್ಣ ಪೆಟ್ಟಿಗೆಯೊಂದು ಇದ್ದರೂ ಸಂದೇಶ ಮುಟ್ಟುತ್ತದೆ. ಅಲುಗಾಡುವ ಬೋಟಿನ ಮೇಲೆ ದೊಡ್ಡ ತಟ್ಟೆಯನ್ನು ಒಂದೇ ದಿಕ್ಕಿಗೆ ಹಿಡಿದು ನಿಲ್ಲಿಸುವ ಗೋಜು ಇಲ್ಲ. ಚಿಕ್ಕ ಬೋಟಿನವರಿಗೆ ಹೇಳಿ ಮಾಡಿಸಿದ ಉಪಗ್ರಹ ಎಂದರೆ ಇದೇ.

ಜಿಸ್ಯಾಟ್-6ಕ್ಕೆ ಇಟ್ಟಿದ್ದ ಆಯುಷ್ಯ 9 ವರ್ಷ. ಅದು 2024ರ ಆಗಸ್ಟಿಗೆ ಮುಗಿದಿದೆ. ಉಪಗ್ರಹಗಳು ಹೇಳಿದ ದಿನಕ್ಕೇ ಸಾಯುವುದಿಲ್ಲ, ಎಷ್ಟೋ ವರ್ಷ ಜಾಸ್ತಿ ದುಡಿಯುತ್ತವೆ. ಆದರೆ ಚಂದ್ರ, ಸೂರ್ಯರ ಸೆಳೆತಕ್ಕೆ ಅವು ಜಾಗ ಬಿಟ್ಟು ಸರಿಯುತ್ತಿರುತ್ತವೆ. ಮತ್ತೆ ಜಾಗಕ್ಕೆ ತರಲು ಆಗಾಗ ಇಂಧನ ಉರಿಸಬೇಕು. ಮೇಲೆ ಹೋಗಿ ತುಂಬಿಸಿ ಬರುವ ಹಾಗಿಲ್ಲ. ಇಂಧನ ತೀರುವ ಮೊದಲೇ, ಉಳಿದ ಚೂರಿನಲ್ಲಿ ಉಪಗ್ರಹವನ್ನು ಇನ್ನೂ ಕೆಲವು ನೂರು ಕಿಲೋಮೀಟರ್ ಮೇಲಕ್ಕೆ ತಳ್ಳಿ ಜಾಗ ಖಾಲಿ ಮಾಡಬೇಕು. ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ ಹಗಲು ರಾತ್ರಿ ನಡೆಯುವುದು ಈ ಕಾವಲು. 1982ರಿಂದ ಇನ್ಸ್ಯಾಟ್‌ಗಳನ್ನೂ ಆಮೇಲೆ ಜಿಸ್ಯಾಟ್‌ಗಳನ್ನೂ ಜಾಗದಲ್ಲಿ ಹಿಡಿದು ನಿಲ್ಲಿಸಿದ ಊರು ಅದು.

ಜಿಸ್ಯಾಟ್-6ರ ಜೋಡಿ ಜಿಸ್ಯಾಟ್-6ಎ 2018ರ ಮಾರ್ಚ್ 29ರಂದು ಹೋಯಿತು. ರಾಕೆಟ್ ತನ್ನ ಕೆಲಸ ಸರಿಯಾಗಿ ಮಾಡಿತು. ಹಾಸನದಿಂದ ಕಕ್ಷೆ ಏರಿಸುವ ಕೆಲಸ ನಡೆದಿತ್ತು. ಎರಡನೇ ಸಲ ಎಂಜಿನ್ ಉರಿಸಿದ ಮೇಲೆ ಸಂಪರ್ಕ ಕಡಿದುಹೋಯಿತು. ಮತ್ತೆ ಸಿಗಲಿಲ್ಲ. ಮುಂದಿನ ಎಸ್ ಬ್ಯಾಂಡ್ ಉಪಗ್ರಹವಾಗಿ ಜಿಸ್ಯಾಟ್-ಎನ್3 ಹೆಸರು ಸರ್ಕಾರದ ನ್ಯೂ ಸ್ಪೇಸ್ ಇಂಡಿಯಾ ಕಂಪನಿಯ ಯೋಜನೆಯಲ್ಲಿದೆ. ನನ್ನ ಮಟ್ಟಿಗೆ ಸಾಲಿನಲ್ಲಿ ಮೊದಲು ಹೋಗಬೇಕಾದದ್ದು ಅದೇ. ಟಿವಿ ಉಪಗ್ರಹ ಒಂದು ಕೆಟ್ಟರೆ ವಾಹಿನಿಗಳು ಇನ್ನೊಂದರಲ್ಲಿ ಬಾಡಿಗೆಗೆ ಜಾಗ ಹಿಡಿಯುತ್ತವೆ. ಬೋಟಿನ ಪೆಟ್ಟಿಗೆಗೆ ಆ ಆಯ್ಕೆ ಇಲ್ಲ.

ಆ ಪೆಟ್ಟಿಗೆಯ ಕಥೆಗೆ ಬರುವ ಮೊದಲು ಸುವರ್ಣ ತ್ರಿಭುಜ ಬೋಟನ್ನು ನೆನೆಯಬೇಕು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟಿತ್ತು. ಅದರಲ್ಲಿ ಉಡುಪಿ ಮತ್ತು ಉತ್ತರ ಕನ್ನಡದ ಏಳು ಮಂದಿ ಇದ್ದರು. ಗೋವಾ ದಾಟಿ ಮಹಾರಾಷ್ಟ್ರದ ಕಡಲಿಗೆ ಹೋದ ಬೋಟು ಎರಡು ಮೂರು ದಿನದಲ್ಲಿ ಸಂಪರ್ಕ ಕಳೆದುಕೊಂಡಿತು. ಕರಾವಳಿ ಕಾವಲು ಪಡೆ ಹುಡುಕಿತು, ನೌಕಾಪಡೆ ಹುಡುಕಿತು, ಮೀನುಗಾರರೇ ಹುಡುಕಿದರು. ಮನೆಯವರು ದಿನಕ್ಕೊಂದು ಸುದ್ದಿ ಕೇಳುತ್ತಾ ಕಾದರು. ಮಲ್ಪೆಯಲ್ಲಿ ಸಾವಿರಾರು ಜನ ಬೀದಿಗಿಳಿದರು. ಕೊನೆಗೆ 2019ರ ಮೇ ತಿಂಗಳ ಮೊದಲ ವಾರದಲ್ಲಿ, ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ಅದರ ಅವಶೇಷ ಸಿಕ್ಕಿದ್ದು ಖಚಿತವಾಯಿತು. ನಾಲ್ಕೂವರೆ ತಿಂಗಳು. ಉಪಗ್ರಹದ ಪೆಟ್ಟಿಗೆ ಇದ್ದಿದ್ದರೆ ಬೋಟು ಉಳಿಯುತ್ತಿತ್ತು ಎಂದು ಯಾರೂ ಹೇಳಲಾರರು. ಆದರೆ ಕೊನೆಯ ಜಾಗ ಎಲ್ಲಿ ಎಂಬುದು ಅದೇ ರಾತ್ರಿ ಗೊತ್ತಾಗುತ್ತಿತ್ತು. ಹುಡುಕುವವರು ಇಡೀ ಕಡಲನ್ನು ಜಾಲಾಡಬೇಕಾಗುತ್ತಿರಲಿಲ್ಲ.

ಹಾಗಂತ ಸರ್ಕಾರ ಏನೂ ಮಾಡಿಲ್ಲ ಎಂದಲ್ಲ. ಇಸ್ರೋದ ಡಿಸ್ಟ್ರೆಸ್ ಅಲರ್ಟ್ ಟ್ರಾನ್ಸ್‌ಮಿಟರ್ 2010ರಿಂದ ಬಳಕೆಯಲ್ಲಿದೆ. ಅಪಾಯದಲ್ಲಿ ಗುಂಡಿ ಒತ್ತಿದರೆ ಸಂಕೇತ ಉಪಗ್ರಹದ ಮೂಲಕ ಬೆಂಗಳೂರಿನ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿಂದ ಕರಾವಳಿ ಕಾವಲು ಪಡೆಯ ರಕ್ಷಣಾ ಕೇಂದ್ರಕ್ಕೆ. ನಮ್ಮ ಪಶ್ಚಿಮ ಕಡಲಿಗೆ ಆ ಕೇಂದ್ರ ಮುಂಬೈನಲ್ಲಿದೆ. ಇದರಲ್ಲಿ ಒಂದು ದೊಡ್ಡ ಕೊರತೆ ಇತ್ತು. ಗುಂಡಿ ಒತ್ತಿದವನಿಗೆ ತನ್ನ ಕೂಗು ಯಾರಿಗಾದರೂ ಕೇಳಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ರಾತ್ರಿ, ಎಂಜಿನ್ ನಿಂತಿದೆ, ನೀರು ಒಳಗೆ ಬರುತ್ತಿದೆ, ಗುಂಡಿ ಒತ್ತಿಯಾಗಿದೆ, ಆಚೆಯಿಂದ ಉತ್ತರವಿಲ್ಲ. ಕಾಯಬೇಕೋ, ಬೋಟು ಬಿಟ್ಟು ಹಾರಬೇಕೋ? 2024ರ ಜನವರಿಯಲ್ಲಿ ಇಸ್ರೋ ತಂದ ಎರಡನೇ ತಲೆಮಾರಿನ ಉಪಕರಣದಲ್ಲಿ ಈ ಕೊರತೆ ನೀಗಿದೆ. ಸಂದೇಶ ಮುಟ್ಟಿದೆ ಎಂಬ ಉತ್ತರ ವಾಪಸ್ ಬರುತ್ತದೆ. ನನಗೆ ಕೇಳಿದರೆ, ಇಷ್ಟು ವರ್ಷಗಳಲ್ಲಿ ಮೀನುಗಾರರಿಗಾಗಿ ಆದ ಸುಧಾರಣೆಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

2017ರ ಓಖಿ ಚಂಡಮಾರುತದಲ್ಲಿ ಕೇರಳ, ತಮಿಳುನಾಡಿನ ಮೀನುಗಾರರು ಆಳ ಸಮುದ್ರದಲ್ಲಿದ್ದರು, ಎಚ್ಚರಿಕೆ ಅವರನ್ನು ಮುಟ್ಟಲಿಲ್ಲ. ಅದರ ನಂತರ 2019ರಲ್ಲಿ ಜೆಮಿನಿ ಎಂಬ ಉಪಕರಣ ಬಂತು. ವಿಮಾನಗಳ ದಾರಿಗೆಂದು ಮಾಡಿದ ಗಗನ್ ವ್ಯವಸ್ಥೆಯ ಉಪಗ್ರಹಗಳ ಮೂಲಕವೇ ಅದು ಹವಾಮಾನ ಎಚ್ಚರಿಕೆ ಹೊತ್ತು ತರುತ್ತದೆ. ಅದರಲ್ಲಿ ಕೇಳಬಹುದು, ಹೇಳಲು ಬರುವುದಿಲ್ಲ.

ಎರಡೂ ಕಡೆ ಮಾತು ಸಾಗುವ ಯೋಜನೆ ಈಗಿನದು. 2024ರ ಆಗಸ್ಟ್ 30ರಂದು ಮುಂಬೈ ಪಕ್ಕದ ಪಾಲ್ಘರ್‌ನಲ್ಲಿ ಪ್ರಧಾನಿ ಇದಕ್ಕೆ ಚಾಲನೆ ಕೊಟ್ಟರು. ದೇಶದ 1 ಲಕ್ಷ ಮೀನುಗಾರಿಕೆ ದೋಣಿಗಳಿಗೆ ಟ್ರಾನ್ಸ್‌ಪಾಂಡರ್, ಅಂದರೆ ಮೇಲೆ ಹೇಳಿದ ಎಸ್ ಬ್ಯಾಂಡ್ ಪೆಟ್ಟಿಗೆ ಹಾಕುವುದು, ವೆಚ್ಚ 364 ಕೋಟಿ ರೂಪಾಯಿ. ದೋಣಿಗೆ ಸುಮಾರು 36,400 ರೂಪಾಯಿ ಬಿತ್ತು. ಮಾಲೀಕರು ದುಡ್ಡು ಕೊಡಬೇಕಿಲ್ಲ. ಪೆಟ್ಟಿಗೆಯನ್ನು ಬ್ಲೂಟೂತ್‌ನಲ್ಲಿ ಮೊಬೈಲಿಗೆ ಜೋಡಿಸಿ, ತಮ್ಮ ಭಾಷೆಯಲ್ಲೇ ಸಂದೇಶ ಕಳಿಸಬಹುದು, ಓದಬಹುದು. ಮೊಬೈಲ್ ಕಂಪನಿಯ ಸಿಗ್ನಲ್ ಬೇಕಾಗಿಲ್ಲ.

ಇಷ್ಟೊಂದು ಒಳ್ಳೆಯ ವಸ್ತು ಪುಕ್ಕಟೆ ಕೊಟ್ಟರೂ ಅನುಮಾನ ಯಾಕೆ? ಜೆಟ್ಟಿಯಲ್ಲಿ ಹೊನ್ನಾವರದ ಕಡೆಯ ಒಬ್ಬ ತಾಂಡೇಲರ, ಅಂದರೆ ಬೋಟು ನಡೆಸುವವರ ಜೊತೆ ಮಾತಿಗೆ ಕೂತಾಗ ಅವರು ಹರಿದ ಬಲೆಯ ಕಣ್ಣು ಹೊಲಿಯುತ್ತಿದ್ದರು. ಸೂಜಿ ನಿಲ್ಲಿಸದೆಯೇ ಅವರು ಹೇಳಿದ ವಿಷಯ ಇಷ್ಟು: ಮೀನು ಸಿಗುವ ಜಾಗ ತಾಂಡೇಲನ ಆಸ್ತಿ. ಅದನ್ನು ಅವನು ಪಕ್ಕದ ಬೋಟಿನವನಿಗೂ ಹೇಳುವುದಿಲ್ಲ. ಈಗ ಪೆಟ್ಟಿಗೆ ದಿನವಿಡೀ ಬೋಟು ಎಲ್ಲಿದೆ ಅಂತ ಬರೆದಿಡುತ್ತದೆ. ಅದನ್ನು ಯಾರು ಓದುತ್ತಾರೆ?

ಇದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ದಡದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ಆಯಾ ರಾಜ್ಯದ ಕೈಯಲ್ಲಿದೆ. ಮಲ್ಪೆಯ ಬೋಟು ಗೋವಾದ ನೀರಿಗೆ ಬಂತು, ಗೋವಾದ್ದು ಮಹಾರಾಷ್ಟ್ರದ ಸಿಂಧುದುರ್ಗದ ಕಡೆ ಹೋಯಿತು ಎಂಬ ಜಗಳ ವರ್ಷವರ್ಷವೂ ನಡೆಯುತ್ತದೆ. ಹಿಡಿದು ದಂಡ ಹಾಕುತ್ತಾರೆ. ಎಲ್‌ಇಡಿ ಬೆಳಕು ಹಾಕಿ ಮೀನು ಹಿಡಿಯುವುದನ್ನು ಕೇಂದ್ರ 2017ರಲ್ಲೇ ನಿಷೇಧಿಸಿದೆ. ಅದನ್ನು ಜಾರಿ ಮಾಡಲು ಟ್ರಾನ್ಸ್‌ಪಾಂಡರ್ ಮಾಹಿತಿ ಬಹಳ ಅನುಕೂಲ. ಎಲ್‌ಇಡಿ ಮೀನುಗಾರಿಕೆ ನಿಲ್ಲಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಮರಿ ಮೀನೂ ಉಳಿಯದ ಹಾಗೆ ಮಾಡುತ್ತದೆ ಅದು. ಆದರೆ ಜೀವ ಉಳಿಸುವ ಪೆಟ್ಟಿಗೆಯನ್ನೇ ದಂಡದ ಚೀಟಿ ಬರೆಯಲೂ ಬಳಸಿದರೆ ಏನಾಗುತ್ತದೆ? ತಾಂಡೇಲ ಅದರ ವೈರ್ ಕೀಳುತ್ತಾನೆ. ಬಿರುಗಾಳಿ ಬಂದ ದಿನವೂ ಅದು ಕಿತ್ತೇ ಇರುತ್ತದೆ. ಸ್ಥಳದ ಮಾಹಿತಿಯನ್ನು ಯಾರು, ಯಾವ ಕಾರಣಕ್ಕೆ, ಎಷ್ಟು ದಿನದವರೆಗೆ ನೋಡಬಹುದು ಎಂಬ ನಿಯಮ ಬರೆದು, ಅದನ್ನು ಜೆಟ್ಟಿಯ ಗೋಡೆಯ ಮೇಲೆ ಕನ್ನಡ, ಕೊಂಕಣಿ, ಒಡಿಯಾದಲ್ಲಿ ಅಂಟಿಸಬೇಕು. ಗೋವಾದ ಬೋಟುಗಳಲ್ಲಿ ದುಡಿಯುವ ಖಲಾಸಿಗಳು ಎಷ್ಟೋ ಮಂದಿ ಗೋವಾದವರಲ್ಲ. ಬೋಟಿನ ನೋಂದಣಿ ಯಾವ ರಾಜ್ಯದ್ದು ಎಂದು ನೋಡಿ ಎಚ್ಚರಿಕೆಯ ಭಾಷೆ ನಿರ್ಧರಿಸಿದರೆ ಓದಬೇಕಾದವನಿಗೆ ಅದು ಅರ್ಥವಾಗುವುದಿಲ್ಲ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಎಲಾನ್ ಮಸ್ಕ್ ಅವರ ಉಪಗ್ರಹ ಇಂಟರ್ನೆಟ್ ಸೇವೆ ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಭಾರತದ ಲೈಸೆನ್ಸ್ ಸಿಕ್ಕಿದೆಯಲ್ಲ, ಅದರ ಉಪಗ್ರಹಗಳು 550 ಕಿಲೋಮೀಟರ್ ಎತ್ತರದಲ್ಲೇ ಇವೆ, ವೇಗವೂ ಜಾಸ್ತಿ. 36 ಸಾವಿರ ಕಿಲೋಮೀಟರ್ ದೂರದ ಸರ್ಕಾರಿ ಉಪಗ್ರಹ ಇನ್ನು ಯಾಕೆ? ವೇಗದ ಇಂಟರ್ನೆಟ್ ಬೇಕಾದ ಹಡಗಿಗೆ, ಹೋಟೆಲಿಗೆ, ಗುಡ್ಡದ ಶಾಲೆಗೆ ಅದು ಒಳ್ಳೆಯದೇ. ಅದನ್ನು ಬೇಡ ಎನ್ನಲು ನನಗೆ ಕಾರಣ ಕಾಣುವುದಿಲ್ಲ. ಆದರೆ ಪ್ರಾಣದ ವಿಷಯದಲ್ಲಿ ಅದನ್ನೇ ನಂಬಿ ಕೂರುವುದು ಬೇರೆ. ಉಕ್ರೇನ್ ಯುದ್ಧದಲ್ಲಿ ಕ್ರಿಮಿಯಾದ ಸೆವಾಸ್ಟೊಪೋಲ್‌ವರೆಗೆ ಸೇವೆ ಶುರು ಮಾಡಿ ಎಂದು ಬಂದ ತುರ್ತು ಮನವಿಯನ್ನು ತಾನು ಒಪ್ಪಲಿಲ್ಲ ಎಂದು ಎಲಾನ್ ಮಸ್ಕ್ ತಾವೇ ಹೇಳಿದ್ದಾರೆ. ಆ ತೀರ್ಮಾನ ಸರಿಯೋ ತಪ್ಪೋ, ಒಬ್ಬ ಮಾಲೀಕ ತೆಗೆದುಕೊಂಡದ್ದು. 2025ರ ಜುಲೈನಲ್ಲಿ ಆ ಜಾಲ ಜಗತ್ತಿನಾದ್ಯಂತ ಎರಡೂವರೆ ಗಂಟೆಯಷ್ಟು ನಿಂತೇ ಹೋಗಿತ್ತು.

ಎರವಲು ಉಪಗ್ರಹದ ಪಾಠ ನಮಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಅದು ಬಂದದ್ದು ಇಂದಿನ ಕಲಬುರಗಿ, ರಾಯಚೂರು, ವಿಜಯಪುರ ಸೀಮೆಯ ಹಳ್ಳಿಗಳಿಗೆ. ಬೈನಾ, ಝುವಾರಿನಗರದಲ್ಲಿ ಇವತ್ತು ನೆಲೆಸಿರುವ ಎಷ್ಟೋ ಕುಟುಂಬಗಳ ಮೂಲವೂ ಆ ಕಡೆಯದೇ. ಕೋಳಿ ಗೂಡಿಗೆ ಹಾಕುವಂಥ ಜಾಲರಿಯಿಂದ ಮಾಡಿದ 10 ಅಡಿ ಅಗಲದ ತಟ್ಟೆ, ಪಂಚಾಯಿತಿಯ ಅಥವಾ ಶಾಲೆಯ ಕಟ್ಟಡದಲ್ಲಿ ಒಂದು ಟಿವಿ, ಮುಂದೆ ಇಡೀ ಊರು. ಬೇಸಾಯ, ಆರೋಗ್ಯ, ಮಕ್ಕಳ ಪಾಠ. 1976ರ ಜುಲೈ ಮುಗಿಯುತ್ತಲೇ ಆ ಸೇವೆ ನಿಂತಿತು. ಉಪಗ್ರಹ ಅವರದ್ದು, ಒಪ್ಪಂದ ಒಂದು ವರ್ಷದ್ದು. ನಮ್ಮ ಇನ್ಸ್ಯಾಟ್-1ಬಿ ಕೆಲಸ ಶುರು ಮಾಡಿದ್ದು 1983ರಲ್ಲಿ. ಅದರ ಹಿಂದಿನ 1ಎ ಕೆಲವೇ ತಿಂಗಳಲ್ಲಿ ಕೆಟ್ಟಿತ್ತು. ಸ್ವಂತದ್ದು ಎಂಬುದು ಸುಲಭಕ್ಕೆ ಬಂದದ್ದಲ್ಲ. ಈಗಲೂ ಅದು ಪೂರ್ತಿ ಸ್ವಂತದ್ದಲ್ಲ. 4,700 ಕಿಲೋ ತೂಕದ ಜಿಸ್ಯಾಟ್-ಎನ್2 ನಮ್ಮ ರಾಕೆಟ್ಟಿಗೆ ಭಾರವಾಗಿ 2024ರ ನವೆಂಬರ್‌ನಲ್ಲಿ ಅಮೆರಿಕದಿಂದ, ಸ್ಪೇಸ್‌ಎಕ್ಸ್ ರಾಕೆಟ್ಟಿನಲ್ಲಿ ಹೋಗಬೇಕಾಯಿತು.

2020ರ ಬಾಹ್ಯಾಕಾಶ ಕ್ಷೇತ್ರದ ಸುಧಾರಣೆಯ ನಂತರ ಬೇಡಿಕೆ ನೋಡಿಕೊಂಡು ಉಪಗ್ರಹ ಕಟ್ಟುವುದು ಸರ್ಕಾರದ ನೀತಿ. ಮೊದಲೇ ಗಿರಾಕಿ ಸಿಕ್ಕರೆ ಆಮೇಲೆ ಉಪಗ್ರಹ. 2022ರ ಜಿಸ್ಯಾಟ್-24 ಹೀಗೆಯೇ ಹೋಯಿತು, ಇಡೀ ಸಾಮರ್ಥ್ಯವನ್ನು ಟಾಟಾ ಪ್ಲೇ ಬಾಡಿಗೆಗೆ ಹಿಡಿಯಿತು. ಜಿಸ್ಯಾಟ್-ಎನ್2 ಇಂಟರ್ನೆಟ್‌ಗೆ, ವಿಮಾನದೊಳಗಿನ ವೈಫೈಗೆ. ವಾಣಿಜ್ಯಕ್ಕೆ ಇದು ಒಪ್ಪುವ ಮಾತು. ಖಜಾನೆಯ ದುಡ್ಡು ಗಿರಾಕಿಯಿಲ್ಲದ ಉಪಗ್ರಹಗಳಲ್ಲಿ ಕೊಳೆಯುವುದು ತಪ್ಪುತ್ತದೆ. ನೌಕಾಪಡೆಗೂ ತೊಂದರೆಯಿಲ್ಲ. ಅದು ತನ್ನ ಬೇಡಿಕೆಯನ್ನು ಗಟ್ಟಿಯಾಗಿ ಮುಂದಿಡಬಲ್ಲದು, ಅದರ ಹಿಂದೆ ರಕ್ಷಣಾ ಬಜೆಟ್ ಇದೆ. ಬೋಟಿನ ತಾಂಡೇಲ ಯಾವ ಕಚೇರಿಗೆ ಹೋಗಿ ನನಗೊಂದು ಎಸ್ ಬ್ಯಾಂಡ್ ಉಪಗ್ರಹ ಬೇಕು ಎನ್ನಬೇಕು? ಅವನ ಪರವಾಗಿ ಮೀನುಗಾರಿಕಾ ಇಲಾಖೆಯೇ ಗಿರಾಕಿಯಾಗಬೇಕು. ಲಕ್ಷ ಪೆಟ್ಟಿಗೆಗೆ 364 ಕೋಟಿ ಇಟ್ಟವರು, ಆ ಪೆಟ್ಟಿಗೆಗಳು ಮಾತಾಡಬೇಕಾದ ಉಪಗ್ರಹಕ್ಕೂ ಬಜೆಟ್ಟಿನಲ್ಲಿ ಸಾಲು ತೆಗೆದಿಡಬೇಕು. ಒಂದು ಹೋದರೆ ಇನ್ನೊಂದು ಸಿದ್ಧವಿರುವ ಹಾಗೆ ಎರಡಕ್ಕೆ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಉಪಗ್ರಹ ಕಟ್ಟಿ ಕಳಿಸಲು ವರ್ಷಗಳು ಬೇಕು. ಪೆಟ್ಟಿಗೆಯ ಕೆಲಸಕ್ಕೆ ಅಷ್ಟು ಕಾಯಬೇಕಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಮೀನುಗಾರಿಕೆಗೆ ರಜೆ. ಆ 61 ದಿನ ಬೋಟುಗಳೆಲ್ಲ ದಡದಲ್ಲಿರುತ್ತವೆ. ಹಾಕಿದ ಪೆಟ್ಟಿಗೆ ಕೆಲಸ ಮಾಡುತ್ತಿದೆಯೇ ನೋಡಲು, ಉಪ್ಪುನೀರಿಗೆ ತುಕ್ಕು ಹಿಡಿದ ವೈರ್ ಬದಲಿಸಲು, ಖಲಾಸಿಗಳ ಕೈಯಲ್ಲೇ ಒಂದೊಂದು ಪರೀಕ್ಷಾ ಸಂದೇಶ ಕಳಿಸಿಸಿ ಉತ್ತರ ಬರುವವರೆಗೆ ಕಾಯಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇಲ್ಲ. ಊರಿಗೆ ಹೋದ ಖಲಾಸಿಗಳು ಜುಲೈ ಕೊನೆಗೆ ವಾಪಸ್ ಬರುತ್ತಾರೆ. ತರಬೇತಿಯನ್ನು ಆ ವಾರಕ್ಕೆ, ಜೆಟ್ಟಿಯಲ್ಲೇ ಇಡಬೇಕು. ಜೂನ್‌ನಲ್ಲಿ ಪಣಜಿಯ ಸಭಾಂಗಣದಲ್ಲಿ ಇಟ್ಟರೆ ಬರುವುದು ಮಾಲೀಕರು ಮಾತ್ರ. ಆಗಸ್ಟ್ 1ರ ನಸುಕಿನಲ್ಲಿ ಬೋಟು ಹತ್ತಿ ಆಚೆ ಹೋಗುವವರು ಬೇರೆಯವರು.